ಬಂಗಡೆಯ ಹೊಟ್ಟೆಗೆ ಗುರೆಳ್ಳು

ಮೀನು ನನ್ನನ್ನೇ ನೋಡುತ್ತಿತ್ತು!

ನಗಬೇಡಿ. ಫ್ರಿಜ್‌ನಿಂದ ತೆಗೆದ ಡಬ್ಬಿಯ ಮುಚ್ಚಳ ತೆರೆದರೆ, ಒಳಗೆ ಬಂಗಡೆ ಮೀನುಗಳು ಮೈತುಂಬ ಅರಿಷಿಣ ಹಚ್ಚಿಕೊಂಡು, ಕಣ್ಣು ಬಿಟ್ಟುಕೊಂಡು ಮಲಗಿದ್ದವು. ಮೊಟ್ಟೆಯನ್ನೂ ಮುಟ್ಟದ ಕೈ ಇದು. ಮುಗದ ಹಳ್ಳಿಯ ತವರಿನಲ್ಲಾಗಲಿ, ಮಾಳಮಡ್ಡಿಯ ಈ ಮನೆಯಲ್ಲಾಗಲಿ, ಮೊಮ್ಮಗಳನ್ನು ಕಂಡ ಈ ವಯಸ್ಸಿನ ತನಕ ನಾನು ಹೆಚ್ಚಿದ್ದು ಬರೀ ಕಾಯಿಪಲ್ಲೆ.

ಮೀನು ನಮ್ಮ ಮನೆಗೆ ಬಂದದ್ದು ಸೊಸೆ ಸ್ನೇಹಾಳ ಜೊತೆ. ಕಾರವಾರದ ಹುಡುಗಿ, ಹುಬ್ಬಳ್ಳಿಯಲ್ಲಿ ನರ್ಸ್. ಹಿತ್ತಲ ಕಟ್ಟೆಯ ಮೇಲೆ ಅವಳದೇ ಗ್ಯಾಸ್ ಒಲೆ, ಅವಳದೇ ತವಾ. (ಈ ಒಪ್ಪಂದ ಮದುವೆಗೆ ಮೊದಲೇ ಆಗಿತ್ತು!) ಬೆಳಿಗ್ಗೆಯೇ ಉಪ್ಪು, ಅರಿಷಿಣ ಸವರಿಟ್ಟು ಹೋಗುತ್ತಾಳೆ. ಸಂಜೆ ಬಂದು, ಬ್ಯಾಗ್ ಇಟ್ಟು, ಚಮಚ ಎಣ್ಣೆಯಲ್ಲಿ ಆಚೆ ಈಚೆ ಮಗುಚಿ, ನಿಂಬೆಹಣ್ಣು ಹಿಂಡಿದಳೆಂದರೆ ಮುಗಿಯಿತು. "ಇಷ್ಟ ಲಗೂ ಮಾಡಿದ್ದು ಮೈಗೆ ಹತ್ತತೈತೇನವಾ?" ಎಂದು ನಾನು ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ.

ಕಳೆದ ಬುಧವಾರ ಆದದ್ದು ಕೇಳಿ.

ಮೊಮ್ಮಗಳು ಪರಿಗೆ ಏಳು ವರ್ಷ. ಜ್ವರ ಬಿಟ್ಟು ವಾರವಾದರೂ ಊಟ ಬೇಡ. ಅನ್ನ ಸಾರು ಬೇಡ, ಹಾಲು ಬೇಡ, ನನ್ನ ಗೋಧಿ ಹುಗ್ಗಿಯೂ ಬೇಡ. (ನನ್ನ ಹುಗ್ಗಿ!) ಕೂಸಿನ ಕುತ್ತಿಗೆ ಎಲುಬು ಎದ್ದು ಕಾಣುತ್ತಿತ್ತು. ಡಾಕ್ಟರು, "ಅಕಿ ಏನ್ ಕೇಳ್ತಾಳ ಅದನ್ನ ಕೊಡ್ರಿ" ಎಂದಿದ್ದರು. ಆ ಸಂಜೆ ಕೊನೆಗೂ ಕೇಳಿದಳು.

"ಆಯಿ, ಹಸಿವಾಗೇತಿ. ಮೀನ ಬೇಕು."

ಮಗ ಊರಲ್ಲಿರಲಿಲ್ಲ. ಸೊಸೆಗೆ ಫೋನ್ ಮಾಡಿದೆ. "ಅತ್ಯಾರ, ಮುಂದಿನ ಶಿಫ್ಟಿನಾಕಿ ಬಂದಿಲ್ರಿ, ನಾ ಬರೂದು ತಡಾ ಆಗತೈತಿ. ಡಬ್ಬಿ ಫ್ರಿಜ್‌ನ್ಯಾಗ ಐತಿ. ಆದ್ರ ನೀವು ಮುಟ್ಟಬ್ಯಾಡ್ರಿ, ಬಂದು ಮಾಡತೇನಿ."

ವಾರದ ಮೇಲೆ ಹುಟ್ಟಿದ ಹಸಿವು ಅಲ್ಲಿಯ ತನಕ ಕಾಯುತ್ತದೆಯೇ?

ಡಬ್ಬಿ ತೆರೆದೆ. ಆಗಲೇ ಆ ಕಣ್ಣು ಕಂಡದ್ದು. ನನ್ನ ಕಣ್ಣು ಮುಚ್ಚಿ ಒಂದನ್ನು ಎತ್ತಿದೆ. ಹೊಟ್ಟೆ ಸೀಳಿತ್ತು. ಈಗ ನೀವೇ ಹೇಳಿ, ಸೀಳಿದ ಪದಾರ್ಥ ಕೈಗೆ ಬಂದರೆ ನಮ್ಮ ಕಡೆಯ ಹೆಂಗಸು ಏನು ಮಾಡುತ್ತಾಳೆ? ತುಂಬುತ್ತಾಳೆ! ಶೇಂಗಾ ಪುಡಿ, ಗುರೆಳ್ಳು (ಹುಚ್ಚೆಳ್ಳು) ಪುಡಿ, ಮಸಾಲೆ ಖಾರ, ಹುಣಸೆ ರಸ. ಬದನೆಕಾಯಿಗೆ ತುಂಬಿದಂತೆಯೇ ತುಂಬಿ, ಎಣ್ಣೆಯಲ್ಲಿಟ್ಟು, ನೀರು ಚಿಮುಕಿಸಿ, ತಾಟು ಮುಚ್ಚಿದೆ.

ನಮ್ಮ ಯಜಮಾನರು ಹಿತ್ತಲಿಗೆ ಬಂದವರು ಕಂಬದಂತೆ ನಿಂತರು.

"ಏ, ಏನ್ ನಡಸೀ ಇದು?"

"ಕಾಣವಲ್ದೇನ್ರಿ? ಎಣ್ಣಿಗಾಯಿ."

"ಬದನಿಕಾಯಿಗೆ ಬಾಲ ಯಾವಾಗ ಬಂತು?"

"ಹುಡುಗಿ ಉಣಬೇಕೋ ಬ್ಯಾಡೋ? ಸುಮ್ನ ಹೋಗಿ ಕುಂದರ್ರಿ."

ಬದನೆಕಾಯಿ ಬೇಯುವಷ್ಟೇ ಹೊತ್ತು ಬಿಟ್ಟೆ ನೋಡಿ, ತಾಟು ತೆಗೆದರೆ ಮೀನೆಲ್ಲ ಒಡೆದು ಮಸಾಲೆಯಲ್ಲಿ ಕಲಸಿಹೋಗಿತ್ತು. ಮೀನು ಯಾವುದು, ಮುಳ್ಳು ಯಾವುದು ತಿಳಿಯದು. ಮಗುವಿನ ಗಂಟಲಿಗೆ ಸಿಕ್ಕರೆ? ಚೆಲ್ಲಿಬಿಡಲೇ?

ಪರಿ ಆಗಲೇ ತಟ್ಟೆ ಹಿಡಿದು ಪಕ್ಕದಲ್ಲಿದ್ದಳು. "ಆಯಿ, ಅಂಜಬ್ಯಾಡ. ನಡುವಿನ ಮುಳ್ಳು ಹಿಡದ ಎತ್ತು, ಬಾಚಣಿಗಿ ಹಂಗ ಬರತೈತಿ. ಉಳದದ್ದು ಬೆರಳಿಂದ ಒತ್ತಿ ನೋಡು. ಅಮ್ಮ ಹಂಗ ಮಾಡತಾಳ."

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಮೂಗು ಮುಚ್ಚಲು ಕೈ ಎಲ್ಲಿ ಖಾಲಿ ಇತ್ತು? ಒಂದೊಂದು ಚೂರನ್ನೂ ಬೆರಳಲ್ಲಿ ತಿಕ್ಕಿ, ಮುಳ್ಳು ಹೆಕ್ಕಿ, ಬಿಸಿ ಅನ್ನಕ್ಕೆ ಕಲಸಿ ಬಾಯಿಗಿಟ್ಟೆ. ಅಗಿದಳು. ನುಂಗಿದಳು.

ಮತ್ತೆ ಬಾಯಿ ತೆರೆದಳು!

ಕಟ್ಟೆಯ ಮೇಲೆ ಕುಳಿತು, ಅಳುತ್ತ ನಗುತ್ತ, ಕಲಸಿದ್ದೇ ಕಲಸಿದ್ದು. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಗಡಿಬಿಡಿಯ ಅಡುಗೆ ನೋಡಿ ನಾವು ಹಿರಿಯರು ಮೂಗು ಮುರಿಯುತ್ತೇವೆ. ತಾಸುಗಟ್ಟಲೆ ಒಲೆ ಮುಂದೆ ಬೆವರು ಸುರಿಸಿದರಷ್ಟೇ ಅದು ಊಟವೇ? ಸೊಸೆಯ ಹಾಗೆ ಲಗುಬಗೆಯಲ್ಲಿ ಇಳಿಸಿದ್ದರೆ ಆ ಬಂಗಡೆಗಳು ಇಡಿಯಾಗಿ ಉಳಿಯುತ್ತಿದ್ದವು.

ಸ್ನೇಹಾ ಬಂದು ಪಾತ್ರೆ ನೋಡಿ ಬಾಯಿ ಮೇಲೆ ಕೈ ಇಟ್ಟಳು. "ಅತ್ಯಾರ! ನೀವು ಮಾಡಿದ್ರೇನ್ರಿ? ಅದೂ ಗುರೆಳ್ಳು ಹಾಕಿ? ನಮ್ಮವ್ವ ಕೇಳಿದ್ರ ಎದಿ ಒಡಕೋತಾಳ!"

ಆಮೇಲೆ ಖಾಲಿ ತಟ್ಟೆ ನೋಡಿದಳು. ಹೊಟ್ಟೆತುಂಬಿ ಮಲಗಿದ ಮಗಳನ್ನು ನೋಡಿದಳು. ಪಾತ್ರೆಯ ತಳ ಬಳಿದು ಬಾಯಿಗಿಟ್ಟು, ಮೆಲ್ಲಗೆ ಕೇಳಿದಳು.

"ಮಸಾಲಿಗೆ ಉಪ್ಪು ಹಾಕೂದು ಮರತೀರೇನ್ರಿ?"

ರುಚಿ ನೋಡುವ ಹಾಗಿರಲಿಲ್ಲವಲ್ಲ, ನನಗೇನು ಗೊತ್ತು! ಆದರೆ ವಾರದಿಂದ ಉಣ್ಣದ ಕೂಸು ನನ್ನ ಬೆರಳು ಚೀಪಿ ಉಂಡಿದ್ದಾಳೆ. ಹೇಳಿ, ಇನ್ನು ಉಪ್ಪು ಯಾರಿಗೆ ಬೇಕು?