ಎಷ್ಟನೇ ಬಟನ್ನು?

ಫೋನಿನ ಪರೀಕ್ಷೆಗೆ ಉತ್ತರ ಕೊಟ್ಟಿದ್ದು ನಾನಲ್ಲ, ನನ್ನ ಗಂಡ. ಅವರು ಹೋಗಿ ಮೂರು ವರ್ಷವಾಯಿತು. ಇದರಲ್ಲಿ ದೆವ್ವಭೂತದ ಮಾತೇನಿಲ್ಲ. ನಲವತ್ತು ವರ್ಷ ಊಟಕ್ಕೆ ಕೂತಾಗಲೆಲ್ಲ ಅವರು ಹೇಳುತ್ತಿದ್ದುದನ್ನು ನಾನು ಮೊಮ್ಮಗಳ ಮುಂದೆ ಒಪ್ಪಿಸಿದೆ, ಅಷ್ಟೆ.

ಮತದಾನದ ಹಿಂದಿನ ದಿನ ಮಧ್ಯಾಹ್ನ. ಮೊಮ್ಮಗಳು ಚೈತ್ರ ಫೋನ್ ಹಿಡಿದುಕೊಂಡು ಬಂದು, "ಅಜ್ಜಿ, ಇಪ್ಪತ್ತು ಪ್ರಶ್ನೆ ಕೇಳುತ್ತೆ. ಆನ್ಸರ್ ಮಾಡಿದ್ರೆ ನಿಂಗೆ ಯಾವ ಪಾರ್ಟಿ ಸರಿಹೋಗುತ್ತೆ ಅಂತ ಹೇಳ್ಬಿಡುತ್ತೆ" ಎಂದಳು. ನನಗೆ ಸಾಲಾವಳಿ ನೆನಪಾಯಿತು. ಜಾತಕ ಕೂಡಿದರೆ ಸಂಸಾರವೂ ಕೂಡುತ್ತದೆ ಎಂದು ಹಿರಿಯರು ನಂಬಿದ್ದರು. ನಮ್ಮಿಬ್ಬರದು ಚೆನ್ನಾಗಿಯೇ ಕೂಡಿತ್ತು. ಉಪ್ಪಿಟ್ಟಿಗೆ ಎಷ್ಟು ಉಪ್ಪು ಎನ್ನುವುದು ಮಾತ್ರ ಕೊನೆಯವರೆಗೂ ಕೂಡಲಿಲ್ಲ.

"ಸರ್ಕಾರ ಏನೂ ಪುಕ್ಕಟೆ ಕೊಡಬಾರದು. ಒಪ್ತೀಯಾ?"

"ಒಪ್ತೀನಿ. ಜನ ಸೋಮಾರಿ ಆಗ್ತಾರೆ."

"ಬೆಂಗಳೂರಿಗೆ ಇನ್ನೂ ಫ್ಲೈಓವರ್ ಬೇಕಾ?"

"ಬೇಡ. ದುಡ್ಡು ತಿನ್ನೋಕೆ ಒಂದು ದಾರಿ ಅಷ್ಟೆ."

ಇಪ್ಪತ್ತಕ್ಕೂ ಪಟಪಟ ಹೇಳಿದೆ. ನಾನು ಇಷ್ಟು ತಿಳಿದವಳೇ ಎಂದು ನನಗೇ ಹೆಮ್ಮೆಯಾಯಿತು. "ತಾತನ ಪಾರ್ಟಿ ಬಂತು!" ಎಂದು ಚೈತ್ರ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು. "ಅಲ್ಲಜ್ಜಿ, ಮಂಡಿನೋವಿಗೆ ಹೆಬ್ಬಾಳದ ಆಸ್ಪತ್ರೆಗೆ ಹೋಗ್ತೀಯಲ್ಲ, ಹೆಂಗೆ ಹೋಗ್ತೀಯ?"

ಪುಕ್ಕಟೆ ಬಸ್ಸಿನಲ್ಲಿ. ಅದೂ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಾಗಲೆಲ್ಲ, ಇಲ್ಲಿ ಇನ್ನೊಂದು ಫ್ಲೈಓವರ್ ಕಟ್ಟಬಾರದಾ ಎಂದು ಗೊಣಗುತ್ತಾ.

"ಮೊದಲಿಂದ ಕೇಳು. ಈ ಸಲ ನಾನು ಹೇಳ್ತೀನಿ" ಎಂದೆ. ತೊಂದರೆ ಶುರುವಾಗಿದ್ದೇ ಆಗ. ನನಗೇನು ಅನಿಸುತ್ತದೆ ಎಂದು ಒಳಗೆ ಹುಡುಕಿದರೆ ಮಾತು ಶುರುಮಾಡುವ ಮುಂಚಿನ ನನ್ನ ಗಂಡನ ಕೆಮ್ಮೇ ಕೇಳಿಸುತ್ತಿತ್ತು. ಒಂದೊಂದಕ್ಕೂ ತಿಣುಕಿ ತಿಣುಕಿ ಉತ್ತರ ಕೊಟ್ಟೆ. ಕೊನೆಗೆ ಫೋನು ಎರಡು ಪಕ್ಷ ತೋರಿಸಿ ಸಮಸಮ ಎಂದಿತು. ಎರಡೂ ಒಂದಕ್ಕೊಂದು ಹಾವು ಮುಂಗುಸಿ.

ಬೆಳಗಾದರೆ ವೋಟು. ಪ್ರತಿ ಚುನಾವಣೆಯಲ್ಲೂ ಮನೆ ಬಿಡುವಾಗ ಗೇಟಿನ ಹತ್ತಿರ ಅವರು ಎಷ್ಟನೇ ಬಟನ್ನು ಒತ್ತಬೇಕು ಎಂದು ಹೇಳುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ಮಗನಿಗೆ ಬಂತು. ಈ ಸಲದ್ದನ್ನು ಆಗಲೇ ಹೇಳಿಯಾಗಿತ್ತು: "ಅಮ್ಮಾ, ಮೂರನೇದು. ಮರೀಬೇಡ." ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಹಾಗಾಗಿ ಮಿಕ್ಕ ಹೆಸರುಗಳ ಕಡೆ ಕಣ್ಣು ಹಾಯಿಸಿದವಳೇ ಅಲ್ಲ. ಸೊಪ್ಪು ಕೊಳ್ಳುವಾಗ ಕಟ್ಟು ಬಿಚ್ಚಿ ನೋಡದೆ ಬಿಡುವುದಿಲ್ಲ. ಐದು ವರ್ಷದ ಸರ್ಕಾರವನ್ನು ಬಿಚ್ಚದೆ ತಂದುಕೊಂಡೆ.

ಸಂಜೆ ಕಾಂಪೌಂಡಿನ ಆಚೆ ಪಕ್ಕದ ಮನೆಯ ನೂರ್‌ಜಹಾನ್ ಬಟ್ಟೆ ತೆಗೆಯುತ್ತಿದ್ದಳು. ಗಂಗಾನಗರಕ್ಕೆ ಬಂದಾಗಿನಿಂದ ಅವಳೇ ನನ್ನ ಜೊತೆ. ನಿನಗೆ ನಂಬರು ಯಾರು ಹೇಳುತ್ತಾರೆ ಎಂದು ಕೇಳಿದೆ.

"ಯಾಕ್ ಹೇಳ್ತಾರೆ ಅಕ್ಕಾ? ನಮ್ ಹೆಸರು ನೋಡೇ ನಾವ್ ಯಾರ್ಗೆ ಹಾಕ್ತೀವಿ ಅಂತ ಎಲ್ಲಾರೂ ಬರ್ಕೊಂಡ್ಬಿಟ್ಟಿರ್ತಾರೆ. ಒಳಗೋಗಿ ನಾನ್ ಏನ್ ಒತ್ತಿದೆ ಅಂತ ನಮ್ಮನೆಯೋರ್ಗೂ ಗೊತ್ತಿಲ್ಲ!" ಎಂದು ಕಿಲಕಿಲ ನಕ್ಕಳು.

ಆ ನಗು ಕಂಡು ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ನನ್ನ ಪರವಾಗಿ ಮಾತಾಡುವ ಪಕ್ಷ ಯಾವುದು ಎಂದು ಮಧ್ಯಾಹ್ನದಿಂದ ತಲೆ ಕೆಡಿಸಿಕೊಂಡಿದ್ದೆ. ನನ್ನ ಹತ್ತಿರ ಮಾತೇನಾದರೂ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಪಾಪ ಆ ಪಕ್ಷದವರಾದರೂ ಎಲ್ಲಿಂದ ತರುತ್ತಾರೆ?

ಮರುದಿನ ಬೆಳಿಗ್ಗೆ ಮಗ ಸ್ನಾನಕ್ಕೆ ಹೋದ ಹೊತ್ತು ನೋಡಿ, ಕಾರ್ಡು, ಚೀಟಿ, ಕನ್ನಡಕ ತೆಗೆದುಕೊಂಡು ಒಬ್ಬಳೇ ವೋಟು ಹಾಕುವ ಸ್ಕೂಲಿಗೆ ನಡೆದೆ. ರಟ್ಟಿನ ಮರೆಯಲ್ಲಿ ನಿಂತು, ಮೊದಲನೇ ಹೆಸರಿನ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸತೊಡಗಿದೆ.

"ಅಜ್ಜಿ, ಬಟನ್ ಒತ್ತಿ, ಲೇಟಾಗ್ತಿದೆ" ಎಂದರು ಮೇಜಿನ ಹತ್ತಿರ ಕೂತಿದ್ದ ಅಧಿಕಾರಿ.

"ಓದ್ತಾ ಇದೀನಿ, ಇರಪ್ಪಾ" ಎಂದೆ. ಇನ್ನೂ ನಾಲ್ಕನೇ ಹೆಸರಿನಲ್ಲಿದ್ದೆ.