ಐವತ್ತು ದಾಟಿದವರಿಗೆ ಪಾಠ ಹೇಳುವ ಬಲ್ಬಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮರುತರಬೇತಿ ಕೇಂದ್ರದ ಶಟರ್ ಎಂದಿನಂತೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಬಲ್ಬಕ್ಕ ಅದಕ್ಕೊಂದು ಒದೆ ಕೊಟ್ಟು, ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ಹಳೆಯ ವಾಷಿಂಗ್ ಮೆಷಿನ್‌ಗಳು ಹೊಟ್ಟೆ ಬಿಚ್ಚಿಕೊಂಡು ಸಾಲಾಗಿ ನಿಂತಿವೆ. ಪಾಠ ಹೇಳುವುದು ಅವರ ಕೆಲಸ. ಕಸ ಗುಡಿಸುವುದೂ ಈಗ ಅವರದೇ. "ಆಳು ಕೊಡಿ ಅಂದ್ರೆ ಅನುದಾನ ಬಂದಿಲ್ಲ ಅಂತಾರೆ. ಕಸಕ್ಕೆ ಅದೆಲ್ಲ ಗೊತ್ತಾಗತ್ತಾ?"

ಇಪ್ಪತ್ತೆರಡು ವರ್ಷ ಅವರು ಬಲ್ಬ್ ಕಾರ್ಖಾನೆಯಲ್ಲಿದ್ದರು. ಪಾಳಿಗೆ ನಾಲ್ಕು ಸಾವಿರ ಬಲ್ಬ್ ಹೊತ್ತಿಸಿ ನೋಡಿ, ಕೆಟ್ಟದ್ದನ್ನು ಬದಿಗಿಡುವ ಕೆಲಸ. ಹೆಸರು ಬಂದದ್ದು ಅಲ್ಲಿಂದಲೇ. ಆ ಹಳೆಯ ಬಗೆಯ ತಂತಿ ಬಲ್ಬನ್ನು ಜನ ಕೊಳ್ಳುವುದು ಬಿಟ್ಟರು, ಕಾರ್ಖಾನೆ ಮುಚ್ಚಿತು. ಆಗ ಅವರಿಗೆ ನಲವತ್ತಾರು. ಗಂಡ ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದರು. ಕೆಲಸ ಕಳೆದುಕೊಂಡವರಿಗೆ ಸರ್ಕಾರದ ಖರ್ಚಿನಲ್ಲಿ ಆರು ತಿಂಗಳ ರಿಪೇರಿ ತರಬೇತಿ ಎಂದು ಕೇಳಿ ಮೊದಲ ತಂಡಕ್ಕೇ ಸೇರಿದರು. ಅತ್ತೆ ನಕ್ಕರಂತೆ: "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೇ?"

"ಬಗ್ಗತ್ತೆ ಅತ್ತೆ, ಸೊಂಟ ಸ್ವಲ್ಪ ನೋಯತ್ತೆ ಅಷ್ಟೆ ಅಂದೆ."

ಕಲಿತ ಕಡೆಯೇ ಕಲಿಸಲು ನಿಂತು ಎಂಟು ವರ್ಷ. ತಂಡಕ್ಕೆ ಇಪ್ಪತ್ತು ಜನ, ಹೆಚ್ಚಿನವರು ಐವತ್ತರ ಆಸುಪಾಸು. ಹಾಜರಿ ಹದಿನೈದಕ್ಕಿಂತ ಇಳಿದರೆ ಅನುದಾನ ನಿಂತು ತಂಡವೇ ಕರಗುತ್ತದೆ. ಹಾಗಾಗಿ ಪಾಠ ಮುಗಿದ ಮೇಲೆ ಬಾರದವರ ಮನೆ ಹುಡುಕಿ ಅಲೆಯುತ್ತಾರೆ. "ಕೆಲಸ ಕಲಿಸೋದು ಕಷ್ಟ ಅಲ್ಲ. ನಾಚಿಕೆ ಬಿಡಿಸೋದು ಕಷ್ಟ."

ಕಳೆದ ತಂಡದಲ್ಲಿ ಹೀಗೇ ಆಯಿತು. ಕೊನೆಯ ಬೆಂಚಿನಲ್ಲಿ ಬಂದು ಕೂತವರು ಬಲ್ಬ್ ಕಾರ್ಖಾನೆಯ ಹಳೆಯ ಸೂಪರ್‌ವೈಸರ್. ಕಾರ್ಖಾನೆ ಮುಚ್ಚುವಾಗ ಮನೆಗೆ ಕಳಿಸುವವರ ಪಟ್ಟಿಯಲ್ಲಿ ಬಲ್ಬಕ್ಕನ ಹೆಸರು ಓದಿದ್ದು ಅವರೇ. ಆಮೇಲೆ ಅವರು ಸೇರಿದ್ದ ಇನ್ನೊಂದು ಕಾರ್ಖಾನೆಯೂ ಬಾಗಿಲು ಹಾಕಿತ್ತು. ಮೂರು ದಿನ ಬಂದರು, ನಾಲ್ಕನೇ ದಿನ ಬರಲೇ ಇಲ್ಲ. ಅಂದು ಹಾಜರಿ ಹದಿನಾಲ್ಕು.

ಬಲ್ಬಕ್ಕ ಅವರ ಮನೆ ಬಾಗಿಲು ತಟ್ಟಿದರು. ತೆರೆದದ್ದು ಹೆಂಡತಿ. "ಮನೇಲಿಲ್ಲ ಅಂತ ಹೇಳು ಅಂದಿದ್ದಾರೆ. ಒಳಗೇ ಇದ್ದಾರೆ, ಬನ್ನಿ."

ಒಳಗಿನಿಂದ ದನಿ ಬಂತು: "ನನ್ನ ಕೈಕೆಳಗಿದ್ದೋಳ ಹತ್ರ ನಾನು ಪಾಠ ಕೇಳ್ಬೇಕಾ?"

"ಸಿಟ್ಟು ಬಂತು. ಆದ್ರೂ ಒಂದು ಲೋಟ ನೀರು ಕೇಳಿ ಅಲ್ಲೇ ಕೂತೆ" ಎನ್ನುತ್ತಾರೆ. ನೀರು ಕುಡಿಯುವಾಗ ಬಚ್ಚಲ ಪಕ್ಕದಲ್ಲಿ ನಿಂತುಹೋದ ವಾಷಿಂಗ್ ಮೆಷಿನ್, ಅದರ ಮುಂದೆ ಬಕೆಟ್ ತುಂಬ ಬಟ್ಟೆ ಕಂಡವು. ಎದ್ದು ಹೋಗಿ ಅದರ ಹಿಂದಿನ ಮುಚ್ಚಳ ಬಿಚ್ಚಿದರು. ಸ್ವಲ್ಪ ಹೊತ್ತಿಗೆ ಯಾರೋ ಹಿಂದಿನಿಂದ ಟಾರ್ಚ್ ಹಿಡಿದರು. ಬೆಲ್ಟ್ ಜಾರಿತ್ತು. "ನೀವೇ ಏರಿಸಿ ಸಾರ್" ಎಂದು ಬಲ್ಬಕ್ಕ ಪಕ್ಕಕ್ಕೆ ಸರಿದರು. ಮೂರನೇ ಸಲಕ್ಕೆ ಬೆಲ್ಟ್ ಕೂತಿತು, ಮೆಷಿನ್ ತಿರುಗಿತು.

ಮರುದಿನ ಸೂಪರ್‌ವೈಸರ್ ಎರಡನೇ ಬೆಂಚಿನಲ್ಲಿದ್ದರು. "ಮೇಡಂ ಅನ್ನೋಕೆ ಕೊನೇವರೆಗೂ ಬಾಯಿ ಬರ್ಲಿಲ್ಲ. 'ಇಲ್ನೋಡಿ' ಅಂತ ಕರೀತಿದ್ರು. ಸಾಕಲ್ವಾ?" ಈಗ ಅವರು ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೆಷಿನ್ ನೋಡಿಕೊಳ್ಳುತ್ತಾರೆ.

ಆ ತಂಡದ ಹನ್ನೊಂದು ಮಂದಿಗೆ ಕೆಲಸ ಸಿಕ್ಕಿದೆ, ಒಂಬತ್ತು ಮಂದಿಗೆ ಇಲ್ಲ. "ಆ ಒಂಬತ್ತು ಜನದಲ್ಲಿ ಯಾರಾದ್ರೂ ಎದುರಿಗೆ ಬಂದ್ರೆ ನಾನೇ ರಸ್ತೆ ದಾಟಿ ಆಚೆ ಹೋಗ್ಬಿಡ್ತೀನಿ. ಏನಂತ ಮಾತಾಡಿಸ್ಲಿ?" ಎನ್ನುವಾಗ ದನಿ ಇಳಿಯುತ್ತದೆ. ಮುಂದಿನ ತಂಡಕ್ಕೆ ಮಂಜೂರಾತಿ ಇನ್ನೂ ಬಂದಿಲ್ಲ. ಈ ತಿಂಗಳ ಕೊನೆಗೆ ಅವರ ಗುತ್ತಿಗೆಯೂ ಮುಗಿಯುತ್ತದೆ.

ಇಷ್ಟು ವರ್ಷದಲ್ಲಿ ಏನು ಸಾಧಿಸಿದಿರಿ ಎಂದು ಕೇಳಿದರೆ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಹೇಳುತ್ತಾರೆ:

"ನಾನು ಕಲಿಸಿದವ್ರು ಮೆಷಿನ್ ಬಿಚ್ಚಿ ಜೋಡಿಸಿದ್ರೆ, ಒಂದು ಸ್ಕ್ರೂನೂ ಮಿಕ್ಕಿರಲ್ಲ."