ಎಲ್ಲಾರ್ಗೂ ಕೇಳ್ತಾ ಐತಾ?

ಮುಂದಿನ ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು. ವೈರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಕಚ್ಚಿ ಎಳೆದು ಎಳೆದು ಆದದ್ದು. ನಕ್ಕರೆ ಮೊದಲು ಕಾಣುತ್ತಿದ್ದದ್ದು ಅದೇ. ಎಡಗೈಯಲ್ಲಿ ಕಪ್ಪು ಟೇಪಿನ ಸುರುಳಿಗಳು ಬಳೆಗಳ ಹಾಗೆ, ಹಣೆಯ ಮೇಲೆ ಎಂಥ ಬೆವರಿಗೂ ಜಗ್ಗದ ದಪ್ಪ ವಿಭೂತಿ. ಕುಂಬಾರಕೊಪ್ಪಲಿನ ನಮ್ಮ ಮನೆಯ ಎದುರಿಗೇ ಅವರ ಮೈಕ್‌ಸೆಟ್ ಅಂಗಡಿ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಮುದುಕರಿಗೂ ಮಕ್ಕಳಿಗೂ ಅವರು ಮೈಕಣ್ಣ.

ಮೇಟಗಳ್ಳಿಯ ಕಾರ್ಖಾನೆಗಳ ಆಯುಧಪೂಜೆ, ಮದುವೆ, ನಮ್ಮ ಮಠದ ಶಾಲೆಯ ಕಾರ್ಯಕ್ರಮ, ಪಕ್ಕದ ಬೀದಿಯ ಮಸೀದಿಯವರ ಹಬ್ಬ, ಎಲ್ಲಕ್ಕೂ ಅವರದೇ ಧ್ವನಿವರ್ಧಕದ ಹಾರ್ನು. ಕಟ್ಟುವ ಮೊದಲು ಬೀದಿಯುದ್ದ ನಡೆದು ವಿಚಾರಿಸುತ್ತಿದ್ದರು. ಪರೀಕ್ಷೆಗೆ ಓದುವ ಮಕ್ಕಳಿದ್ದರೆ, ಬಾಣಂತಿ ಇದ್ದರೆ, ಹಾರ್ನಿನ ಮುಖ ಆ ಮನೆಯ ಕಡೆಗಿಲ್ಲ. ಒಮ್ಮೆ ಗೋಕುಲಂನಲ್ಲಿ ಯೋಗ ಕಲಿಯಲು ಬಂದಿದ್ದ ವಿದೇಶಿ ಹೆಂಗಸೊಬ್ಬಳು ಕಿವಿ ಮುಚ್ಚಿಕೊಂಡು ಜಗಳಕ್ಕೆ ಬಂದಳಂತೆ. ಇವರಿಗೆ ಅವಳ ಭಾಷೆ ಬಾರದು, ಅವಳಿಗೆ ಇವರದು. ಸುಮ್ಮನೆ ಏಣಿ ಹತ್ತಿ ಹಾರ್ನು ತಿರುಗಿಸಿ, ಇಳಿದು ಬಂದು ಕಾಫಿ ಕೊಡಿಸಿ ಕಳಿಸಿದರು.

ಮೈಕು ಪರೀಕ್ಷಿಸುವುದರಲ್ಲೂ ಅವರದೇ ರೀತಿ. ಬೇರೆಯವರು ಹಲೋ ಹಲೋ ಎಂದು ಊದುತ್ತಾರೆ. ಇವರು "ಎಲ್ಲಾರ್ಗೂ ಕೇಳ್ತಾ ಐತಾ?" ಎಂದು ಕೇಳಿ ಸುಮ್ಮನೆ ನಿಂತುಬಿಡುತ್ತಿದ್ದರು. ನಮ್ಮ ಶಾಲೆಯ ಮೈದಾನದಲ್ಲಿ ಸಭೆಯಾದರೆ ಕೊನೆಯ ಹಾರ್ನು ಯಾವಾಗಲೂ ಪಕ್ಕದ ಬೀದಿಯ ತುದಿಯಲ್ಲಿ, ಮಸೀದಿಯವರು ನಡೆಸುತ್ತಿದ್ದ ಅರಬ್ಬಿ ಶಾಲೆಯ ತಾರಸಿಯ ಮೇಲೆ. ಅಲ್ಲಿಂದ ಮಕ್ಕಳು "ಕೇಳ್ತಾ ಐತೆ ಅಣ್ಣಾ" ಎಂದು ಕೂಗಬೇಕು. ಆ ಕೂಗು ಬರುವವರೆಗೆ ಯಾವ ದೊಡ್ಡ ಮನುಷ್ಯ ಬಂದು ಕೂತಿದ್ದರೂ ಸಭೆ ಶುರುವಾಗುತ್ತಿರಲಿಲ್ಲ. ನಿಮಗೆ ಅತಿಥಿಗಳಿಗಿಂತ ಆ ಮಕ್ಕಳೇ ಹೆಚ್ಚಾ ಎಂದು ನಾನು ರೇಗಿಸಿದರೆ, "ಕೊನೇಲಿರೋರ್ಗೆ ಕೇಳುದ್ರೆ ಮಧ್ಯದಲ್ಲಿರೋರ್ಗೆ ಕೇಳ್ದೆ ಏನ್ ಟೀಚರಮ್ಮ" ಎನ್ನುತ್ತಿದ್ದರು.

ಹೌದು, ನಾನು ಮಠದ ಶಾಲೆಯಲ್ಲಿ ಟೀಚರು. ತೊಂಬತ್ತರ ದಶಕದ ನಡುವೆ ಒಂದು ಸುದ್ದಿ ಬಂತು. ನಮ್ಮ ಭಾಗದ ಒಂದು ಶಾಲೆಗೆ ಕೊಠಡಿ ಕಟ್ಟಲು ಸರ್ಕಾರದ ಹಣ ಸಿಗುತ್ತದೆ, ಒಂದೇ ಶಾಲೆಗೆ. ನಾವೂ ಕೇಳಿದ್ದೆವು, ಅರಬ್ಬಿ ಶಾಲೆಯವರೂ ಕೇಳಿದ್ದರು. ಸುಳ್ಳೇಕೆ ಹೇಳಲಿ, ನನಗೂ ಆ ಹಣ ನಮಗೇ ಬರಲಿ ಎಂದಿತ್ತು. ಮಳೆ ಬಂದರೆ ನಾನು ಪಾಠ ಹೇಳುತ್ತಿದ್ದದ್ದು ಕೊಡೆ ಹಿಡಿದುಕೊಂಡು. ಹೋಟೆಲಿನ ಬೆಂಚಿನ ಮೇಲೆ, ನಲ್ಲಿಯ ಹತ್ತಿರ, ಎಲ್ಲೆಲ್ಲೂ ಅದೇ ಮಾತು, ಅದೇ ಗುರುಗುರು.

ಅದೇ ಹೊತ್ತಿಗೆ ನಮ್ಮ ಶಾಲೆಯ ವಾರ್ಷಿಕೋತ್ಸವ ಬಂತು. ಆಡಳಿತ ಮಂಡಳಿಯ ಅಧ್ಯಕ್ಷರು ಮರದ ಡಿಪೋ ಇಟ್ಟವರು. ಕೈ ಧಾರಾಳ, ನಾಲಿಗೆ ಅದಕ್ಕಿಂತ ಧಾರಾಳ. ಚಪ್ಪಾಳೆ ಬಿದ್ದಂತೆಲ್ಲ ಏರಿ ಏರಿ ಕೊನೆಗೆ ಅಂದೇಬಿಟ್ಟರು: "ಆ ಅರಬ್ಬಿ ಶಾಲೆಗೆ ದುಡ್ಡು ಕೊಡೋದೂ ಒಂದೇ, ಚರಂಡಿಗೆ ಹಾಲು ಸುರಿಯೋದೂ ಒಂದೇ. ಅಲ್ಲಿಂದ ನಾಳೆ ಆಚೆ ಬರೋರೆಲ್ಲ ಕಳ್ಳರೇ."

ಆ ಗಳಿಗೆಯಲ್ಲಿ ಮೈಕಣ್ಣ ಯಂತ್ರದ ಮುಂದೆ ಇರಲಿಲ್ಲ. ಗಾಳಿಗೆ ಸಡಿಲವಾದ ಹಾರ್ನನ್ನು ಬಿಗಿಯಲು ಅರಬ್ಬಿ ಶಾಲೆಯ ತಾರಸಿಯ ಮೇಲಿದ್ದರು. ಸುತ್ತ ಆ ಮಕ್ಕಳು. ಕಳ್ಳರು ಎಂಬ ಮಾತು ಅವರ ಕೈಯಲ್ಲಿದ್ದ ಹಾರ್ನಿನಿಂದಲೇ ಬಂತು. ಮಕ್ಕಳೆಲ್ಲ ಅವರ ಮುಖ ನೋಡಿದರಂತೆ.

ಮಾರನೆಯ ದಿನ ಅವರು ಅಧ್ಯಕ್ಷರ ಡಿಪೋಗೆ ಹೋಗಿ ಕ್ಷಮೆ ಕೇಳಿಬಿಡಿ ಎಂದರು. ಅಧ್ಯಕ್ಷರು ನಕ್ಕು, ಬಾಡಿಗೆ ತಗೊಂಡು ನಿನ್ನ ಕೆಲಸ ನೋಡಯ್ಯ ಎಂದು ಕಳಿಸಿದರು. ಅತ್ತ ಮಸೀದಿಯ ಹಿರಿಯರು, ಇನ್ನು ನಮ್ಮ ಹಬ್ಬಕ್ಕೆ ನಿಮ್ಮ ಹಾರ್ನು ಬೇಡ ಎಂದರು. ನಾನು ಸಿಟ್ಟಿನಿಂದ, ನೀವೇನು ಅಂದಿರಿ, ನಿಮಗೇಕೆ ಈ ಶಿಕ್ಷೆ ಎಂದೆ. ಟೇಪು ಹರಿಯುತ್ತ ಅವರು ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ.

"ನನ್ ಮೈಕಲ್ಲಿ ದೇವ್ರ ನಾಮ ಬಂದ್ರೆ ಜನ ನಂಗೂ ಕೈ ಮುಗೀತಾರೆ ಟೀಚರಮ್ಮ. ಬೈಗಳ ಬಂದಾಗ ನಂದಲ್ಲ ಅಂದ್ರೆ ಎಂಗೆ?"

ಆ ಸಂಜೆ ಅದೇ ಮೈದಾನದಲ್ಲಿ, ಅದೇ ಕಂಬಗಳಿಗೆ, ಅದೇ ತಾರಸಿಗೆ ಹಾರ್ನು ಕಟ್ಟಿದರು. ತಾರಸಿಯವರು ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಮೈಕು ಹಿಡಿದು, ಎಲ್ಲಾರ್ಗೂ ಕೇಳ್ತಾ ಐತಾ ಎಂದರು. ಉತ್ತರ ಬರಲಿಲ್ಲ. ಆದರೂ ಹೇಳಿದರು: ನಿನ್ನೆ ಈ ಮೈಕಿನಲ್ಲಿ ಬಂದ ಮಾತು ತಪ್ಪು, ಮೈಕು ನನ್ನದು, ಆಡಿದವರು ಒಪ್ಪಿಕೊಳ್ಳುವವರೆಗೆ ತಪ್ಪೂ ನನ್ನದೇ, ಮಕ್ಕಳೇ ಕ್ಷಮಿಸಿ. ಅಷ್ಟೇ. ಹಾರ್ನು ಬಿಚ್ಚಿಕೊಂಡು ಮನೆಗೆ ಹೋದರು. ಮರುದಿನವೂ ಅದೇ. ಅಷ್ಟರಲ್ಲಿ ಅಧ್ಯಕ್ಷರ ಕಡೆಯವರು ಇವರಿಗೆ ಒಪ್ಪಿಸಿದ್ದ ಎರಡು ಮದುವೆಗಳ ಬಾಡಿಗೆಯನ್ನು ತಪ್ಪಿಸಿದ್ದರು. ಮೈಕಣ್ಣನ ಹೆಂಡತಿ ನಮ್ಮ ಮನೆಗೆ ಬಂದು, ಆ ಕಡೆಯ ಅನ್ನವೂ ಹೋಯಿತು ಈ ಕಡೆಯದೂ ಹೋಯಿತು ಎಂದು ಅತ್ತರು.

ಮೂರನೆಯ ಸಂಜೆ ಮೈದಾನದಲ್ಲಿ ವಾರ್ಷಿಕೋತ್ಸವಕ್ಕಿಂತ ಹೆಚ್ಚು ಜನ. ಅಧ್ಯಕ್ಷರು ಕಾರಿನಿಂದ ಇಳಿದು ಧುಮುಧುಮು ಎನ್ನುತ್ತ ಬಂದರು.

"ಏನಯ್ಯ, ನನ್ನ ಮಾತಿಗೆ ನೀನು ಕ್ಷಮೆ ಕೇಳ್ಕೊಂಡು ನನ್ನ ಮಾನ ಕಳೀತಿದೀಯಾ? ಅಂಗಡಿ ಬಾಗಿಲು ಹಾಕ್ಸ್‌ಬುಡ್ತೀನಿ."

"ನಿಮ್ ಮಾತು ನಿಮ್ದು ಅನ್ನಿ ಯಜಮಾನ್ರೇ, ನಾನ್ ಬುಟ್ಬುಡ್ತೀನಿ," ಎಂದು ಮೈಕಣ್ಣ ಮೈಕನ್ನು ಅವರ ಕೈಗಿತ್ತು, ಯಂತ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತರು.

ಅಷ್ಟು ಜನರ ಮುಂದೆ ಮೈಕು ಕೈಗೆ ಬಂದ ಮೇಲೆ ಹಿಂದಿರುಗಿಸುವುದು ಹೇಗೆ? ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ನನ್ನ ಮಾತನ್ನು ಕೆಲವರು ತಿರುಚಿದ್ದಾರೆ ಎಂದು ಶುರುಮಾಡಿದರು. ದನಿ ನಿಂತಿತು. ಮೈಕಣ್ಣ ವಿನಯವಾಗಿ ಎದ್ದು, ಲೂಸ್ ಕನೆಕ್ಷನ್ನು, ಇನ್ನೊಂದು ಸಲ ಅನ್ನಿ ಎಂದರು. ಈ ಸಲ ಅಧ್ಯಕ್ಷರು ಶಾಲೆಗೆ ತಾವು ಮಾಡಿದ ಸೇವೆಯಿಂದ ತೊಡಗಿದರು. ಮತ್ತೆ ದನಿ ನಿಂತಿತು. ಜನರಲ್ಲಿ ಕಿಸಕ್ಕೆಂದು ನಗು ಹುಟ್ಟಿತು. ನಮ್ಮ ಹೆಡ್‌ಮಿಸ್ ಸೆರಗು ಬಾಯಿಗಿಟ್ಟುಕೊಂಡರು. ನನಗಂತೂ ಎದ್ದು ನಿಂತು ಚಪ್ಪಾಳೆ ಹೊಡೆಯುವಷ್ಟು ಖುಷಿ. ಅಧ್ಯಕ್ಷರು ಮೈಕಣ್ಣನನ್ನು ಒಮ್ಮೆ ದಿಟ್ಟಿಸಿ ನೋಡಿದರು. ಆಮೇಲೆ ತಾರಸಿಯ ಕಡೆ ತಿರುಗಿದರು.

"ಮಕ್ಕಳನ್ನ ಕಳ್ಳರು ಅಂದೆ. ಅನ್ಬಾರ್ದಿತ್ತು. ತಪ್ಪು ನಂದು. ಕ್ಷಮಿಸ್ಬೇಕು."

ಒಂದಕ್ಷರವೂ ಒಡೆಯದೆ, ಗಂಟೆ ಬಾರಿಸಿದ ಹಾಗೆ ಎರಡು ಬೀದಿಗೂ ಕೇಳಿಸಿತು.

ಮೈಕಣ್ಣ ಮೈಕನ್ನು ಎರಡೂ ಕೈಯಲ್ಲಿ ವಾಪಸು ಪಡೆದು, "ಎಲ್ಲಾರ್ಗೂ ಕೇಳ್ತಾ ಐತಾ?" ಎಂದರು. ತಾರಸಿಯ ಮೇಲೆ ಅರಬ್ಬಿ ಶಾಲೆಯ ಉಸ್ತಾದರು ಮಕ್ಕಳ ಹಿಂದೆ ನಿಂತಿದ್ದರು. ಬಗ್ಗಿ ಏನೋ ಹೇಳಿದ್ದು ಕಂಡಿತು.

"ಕೇಳ್ತಾ ಐತೆ ಅಣ್ಣಾ!"

ಆ ಕೂಗು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೈಕಣ್ಣ ಆ ಸಂಜೆ ನಕ್ಕ ನಗುವಿನಲ್ಲಿ ಹಲ್ಲಿನ ಕಚ್ಚು ಮೈದಾನದ ಆಚೆ ತುದಿಗೂ ಕಂಡಿರಬೇಕು.

ಸರ್ಕಾರದ ಹಣ ಕೊನೆಗೆ ಎರಡು ಶಾಲೆಗೂ ಬರಲಿಲ್ಲ, ಇನ್ನೆಲ್ಲಿಗೋ ಹೋಯಿತು. ನಮ್ಮ ಶಾಲೆಯ ಸೂರಿಗೆ ಅಧ್ಯಕ್ಷರೇ ಮರ ಕೊಟ್ಟರು. ಉಸ್ತಾದರು ತಮ್ಮ ಶಾಲೆಗೆ ಅವರ ಡಿಪೋದಿಂದಲೇ ಮರ ಕೊಂಡರು, ಅಧ್ಯಕ್ಷರು ಒಂದು ಪೈಸೆಯನ್ನೂ ಬಿಡಲಿಲ್ಲ. ಎಲ್ಲ ಮೊದಲಿನ ಹಾಗಾಯಿತೆಂದು ನಮಗೆ ನಂಬಿಕೆ ಬಂದದ್ದೇ ಆಗ. ಮೈಕಣ್ಣನಿಗಂತೂ ಎರಡು ಕಡೆಯ ಹಬ್ಬಗಳೂ ಮರಳಿ ಬಂದವು.

ಹೊಸ ಶತಮಾನ ಹುಟ್ಟಿ ಕೆಲವು ವರ್ಷಗಳಾದ ಮೇಲೆ ಅವರು ತೀರಿಕೊಂಡರು. ವಿಭೂತಿ ಬಳಿದು ಜಗಲಿಯ ಮೇಲೆ ಕೂರಿಸಿದ್ದರು. ಭಜನೆಗೆಂದು ಹೆಂಡತಿ ಅವರದೇ ಹಾರ್ನುಗಳನ್ನು ಕಟ್ಟಿಸಿದ್ದರು, ಕೊನೆಯದು ಅದೇ ತಾರಸಿಯ ಮೇಲೆ. ಅಧ್ಯಕ್ಷರು ಕೋಲೂರಿಕೊಂಡು ಬಂದು, ಎರಡು ಮಾತಾಡುತ್ತೇನೆಂದು ಮೈಕು ಕೇಳಿ ಪಡೆದರು. ಕೊನೆಗೆ ಅವರಿಂದ ಹೊರಟದ್ದು ಇಷ್ಟೇ: "ಎಲ್ಲಾರ್ಗೂ ಕೇಳ್ತಾ ಐತಾ?"

ತಾರಸಿಯ ಮೇಲೆ ಅಂದಿನ ಮಕ್ಕಳು ನಿಂತಿದ್ದರು. ಈಗ ಗಡ್ಡ ಬಂದವರು, ತಮ್ಮ ಮಕ್ಕಳನ್ನು ಎತ್ತಿಕೊಂಡವರು. ಜಗಲಿಯ ಮೇಲೆ ಕೂತಿದ್ದ ಮೈಕಣ್ಣನ ಕಡೆಗೆ ನೋಡಿ ಅವರು ಕೂಗಿದರು.

"ಕೇಳ್ತಾ ಐತೆ ಅಣ್ಣಾ."